ಹೊಸ ಕರ್ನೆಲ್ಲೂ ಯಮುನತ್ತೆಯ ಕೈಗುಣವೂ

ಕಂಪ್ಯೂಟರಿನ ಮೂಲೆಯಲ್ಲಿ ಆಗಾಗ ಒಂದು ಸಣ್ಣ ಚೌಕ ತಲೆಯೆತ್ತಿ, ಹೊಸದನ್ನು ತಂದು ಹಾಕಿದ್ದೇನೆ, ಈಗಲೇ ಒಮ್ಮೆ ಆರಿಸಿ ಹಚ್ಚಲೋ, ಆಮೇಲೆ ಮಾಡಲೋ ಎಂದು ಕೇಳುತ್ತದಲ್ಲ, ಅದು ನಿಮಗೂ ಪರಿಚಯವಿರಬಹುದು. ಬುದ್ಧಿವಂತರೆಲ್ಲ ‘ಆಮೇಲೆ’ ಎಂದು ಒತ್ತಿ ಕೆಲಸ ಮುಂದುವರಿಸುತ್ತಾರೆ. ನಾನು ಮಾತ್ರ ಎದುರಿಗೆ ಗಿರಾಕಿ ಕೂತಿದ್ದರೂ ಸರಿಯೇ, ‘ಈಗಲೇ’ ಎಂದು ಒತ್ತಿ ಕೈಕಟ್ಟಿ ಕೂತುಬಿಡುತ್ತೇನೆ. ಯಂತ್ರ ಮಲಗಿ, ಎದ್ದು, ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿಯುವ ತನಕ ನನಗೆ ಸಮಾಧಾನವಿಲ್ಲ.

“ಹ್ವಾಯ್, ನಂದ್ ಅರ್ಜಿ ಒಂದ್ ಪ್ರಿಂಟ್ ತೆಗ್ದ್ ಕೊಡಿ. ಆಮೇಲ್ ಅದನ್ನ್ ಮಲ್ಗ್ಸಿ, ಏಳ್ಸಿ, ಜೋಗುಳ ಬೇಕಾರೂ ಹಾಡಿ. ನಂಗ್ ಬಸ್ಸ್ ಹೋತ್ತ್!” ಎಂದು ಮೊನ್ನೆ ಒಬ್ಬರು ರೇಗಿದರು.

ಬಸ್ಸು ಇನ್ನೊಂದು ಬರುತ್ತದೆ ಎಂದೆ. ಅವರು ಇನ್ನೊಂದು ಅಂಗಡಿಗೆ ಹೋದರು. ನನ್ನ ಈ ಚಾಳಿಗೆ ಕಾರಣ ಏನೆಂದು ಅವರಿಗೆ ಹೇಳಲು ಹೊರಟರೆ ಇನ್ನೂ ನಾಲ್ಕು ಬಸ್ಸು ಹೋಗುತ್ತಿತ್ತು. ನಿಮಗೆ ಪುರುಸೊತ್ತಿದೆ ಎಂದುಕೊಂಡು ಹೇಳುತ್ತೇನೆ.

ಮೊದಲು ಯಮುನತ್ತೆಯ ವಿಷಯ. ನನ್ನ ಅಪ್ಪನ ಅಕ್ಕ. ಕೋಟೇಶ್ವರದಲ್ಲಿ ಅವಳ ಗಂಡನ ಮನೆ. ನನಗೆ ಮಾತು ಕಲಿಸಿದ್ದು ಶಾಲೆಯಲ್ಲ, ಅವಳು. ರಜೆ ಸಿಕ್ಕಿದರೆ ನಾನು ಅವಳ ಜಗಲಿಯಲ್ಲಿ. ಅವಳು ಹುರುಳಿ ಆರಿಸುತ್ತಾ ಊರಿನವರ ಸುದ್ದಿ ಹೇಳಲು ಕೂತರೆ ಹುರುಳಿಯಲ್ಲಿ ಕಲ್ಲು ಉಳಿಯುತ್ತಿತ್ತು, ಸುದ್ದಿಯಲ್ಲಿ ಉಳಿಯುತ್ತಿರಲಿಲ್ಲ. ಈಗಲೂ ನಾನು ನಾಲ್ಕು ಜನರ ನಡುವೆ ಬಾಯಿ ಬಿಟ್ಟರೆ ಮೊದಲ ವಾಕ್ಯ ಅವಳದ್ದೇ.

ಊರಿಗೆಲ್ಲ ಅವಳು ಬೇಕಾಗಿದ್ದದ್ದು ಮಾತಿಗಲ್ಲ, ಕೈಗುಣಕ್ಕೆ. ಸೌತೆ ಬೀಜ ಊರುವಾಗ ಮೊದಲ ಬೀಜ ಯಮುನಕ್ಕನ ಕೈಯಲ್ಲಿ ಬೀಳಬೇಕು. ಮಾವಿನ ಮಿಡಿಗೆ ಮೊದಲ ಹಿಡಿ ಉಪ್ಪು ಅವಳು ಹಾಕಬೇಕು. ಹಾಲು ಕುಡಿಯದೆ ಹಟ ಹಿಡಿದ ಮಗುವಿಗೆ ಮೊದಲ ಗುಟುಕು ಅವಳು ಕುಡಿಸಬೇಕು. ಅವಳು ಹೆಪ್ಪು ಹಾಕಿದ ಮೊಸರನ್ನು ತಟ್ಟೆಗೆ ಬೋರಲು ಹಾಕಿದರೆ ಕೊಬ್ಬರಿಯ ಹಾಗೆ ನಿಲ್ಲುತ್ತಿತ್ತು. ಬೆಳಗಾದರೆ ಯಾರಾದರೂ ಒಬ್ಬರು ಅಂಗಳದಲ್ಲಿ: “ಯಮುನಕ್ಕ, ಒಂದ್ ಗಳಿಗಿ ಬಂದ್ ಕೈ ಮುಟ್ಸಿ ಹೋಯ್ನಿ.” ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಟೇಬಿಡುತ್ತಿದ್ದಳು. ಒಲೆಯ ಮೇಲಿದ್ದದ್ದು ಸೀದು ಹೋದರೆ ಅದನ್ನು ಮಾವ ತಿನ್ನುತ್ತಿದ್ದರು.

ನನಗೆ ಹೊಸ ಸೈಕಲ್ ಬಂದಾಗಲೂ ಹ್ಯಾಂಡಲ್ ಮುಟ್ಟಿ ಕೊಟ್ಟವಳು ಅವಳೇ. ಹತ್ತು ಮಾರು ಹೋಗಿ ರಸ್ತೆ ಬದಿಯ ತೋಡಿಗೆ ಬಿದ್ದೆ. ಮೊಣಕಾಲಿನ ರಕ್ತ ತೋರಿಸಿ, “ನಿನ್ನ ಕೈಗುಣ ಕಾಣ್ ಅತ್ತೆ” ಎಂದು ಅತ್ತರೆ ಅವಳು ನಕ್ಕುಬಿಟ್ಟಳು. “ನಾನ್ ಕೈ ಇಟ್ಟದ್ದ್ ಸೈಕಲ್ಲಿಗ್ ಮಗಾ, ನಿನ್ ಕಾಲಿಗಲ್ಲ. ಸೈಕಲ್ಲಿಗ್ ಎಂತ ಆಯ್ತ್? ಕಾಣ್, ಒಂದ್ ಗೀರಿಲ್ಲ.”

೧೯೯೭ರಲ್ಲಿ ನಾನು ಕುಂದಾಪುರದಲ್ಲಿ, ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಕಟ್ಟಡದ ಮಹಡಿಯಲ್ಲಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟೆ. ಮೊದಲ ಸಲ ಯಂತ್ರದ ಗುಂಡಿ ಒತ್ತಿದ್ದು ಯಮುನತ್ತೆಯೇ ಎಂದು ಬೇರೆ ಹೇಳಬೇಕಾಗಿಲ್ಲ. ಅದು ‘ಗುಂಯ್’ ಎಂದು ಎದ್ದಾಗ ಅವಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, “ಉಸ್ರ್ ಬಂತ್!” ಎಂದಳು. ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಯಿತು. ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ಆರಿಸಿ, ಒರೆಸಿ, ಗಂಧ ಹಚ್ಚಿ, ಹೂವಿಟ್ಟು ಪೂಜೆ. ಪೂಜೆಗೆ ಇಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿಯ ಬೆಳಿಗ್ಗೆ ಅತ್ತೆ ಕೋಟೇಶ್ವರದಿಂದ ಬಸ್ಸು ಹತ್ತಿ ಬಂದು ತೀರ್ಥ ಪ್ರೋಕ್ಷಿಸಿ, ಮೊದಲ ಗುಂಡಿ ಒತ್ತಿ, ಎಲ್ಲರಿಗೂ ಪಂಚಕಜ್ಜಾಯ ಹಂಚಿ ಹೋಗುವುದು. ಹತ್ತು ವರ್ಷ ಹೀಗೇ ನಡೆಯಿತು. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಗುಲಾಬಿಯಕ್ಕನೂ ತನ್ನ ಹೊಲಿಗೆ ಯಂತ್ರದ ಚಕ್ರವನ್ನು ಅದೇ ಹೊತ್ತಿಗೆ ಅವಳಿಂದ ಒಂದು ಸುತ್ತು ತಿರುಗಿಸಿಕೊಳ್ಳುತ್ತಿದ್ದಳು.

ಇನ್ನು ನನ್ನ ಪ್ರತಾಪ. ಬಂದವರು ತರುವ ಪೆನ್‌ಡ್ರೈವಿನಲ್ಲಿ ವೈರಸ್ಸು ಬಂದು ಬಂದು ನನ್ನ ಯಂತ್ರಕ್ಕೆ ತಿಂಗಳಿಗೊಮ್ಮೆ ಬಾಣಂತನ ಮಾಡುವ ಹಾಗಾಗಿತ್ತು. ಬ್ರಹ್ಮಾವರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನನ್ನ ಸ್ನೇಹಿತ ಸದಾಶಿವ ಒಂದು ದಿನ ಲಿನಕ್ಸ್ ಎಂಬುದರ ಸಿ.ಡಿ. ಹಿಡಿದುಕೊಂಡು ಬಂದ. ಅರ್ಜಿ, ಪತ್ರ, ಇಂಟರ್ನೆಟ್ಟಿನ ಕೆಲಸಕ್ಕೆಂದು ಇಟ್ಟಿದ್ದ ಯಂತ್ರಕ್ಕೆ ಅದನ್ನು ಹಾಕಿಕೊಟ್ಟ. ವೈರಸ್ಸಿನ ಕಾಟ ತಪ್ಪಿತು. ನನಗೆ ಕೊಂಬು ಮೂಡಿತು. ಏನು ಹೊಸದು ಬಂದರೂ ಹಾಕಿಕೊಳ್ಳುವುದು, ಅದರ ಬಗ್ಗೆ ಗೊತ್ತಿಲ್ಲದವರ ಹತ್ತಿರ ಮಾತಾಡುವುದು ಶುರುವಾಯಿತು.

೨೦೦೮ರ ಸುಮಾರಿನ ನವರಾತ್ರಿ. ಆಯುಧಪೂಜೆಯ ಹಿಂದಿನ ದಿನ ಆ ಚೌಕ ತಲೆಯೆತ್ತಿತು. ಹೊಸ ಕರ್ನೆಲ್ ಬಂದಿದೆ ಎಂದಿತು. ಕರ್ನೆಲ್ ಎಂದರೆ ಏನೆಂದು ಸದಾಶಿವ ನನಗೆ ಹೀಗೆ ವಿವರಿಸಿದ್ದ: ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿ ಉಳಿದವರನ್ನೆಲ್ಲ ಎಬ್ಬಿಸುವವರು ಒಬ್ಬರಿರುತ್ತಾರಲ್ಲ, ಯಂತ್ರದೊಳಗೆ ಅದೇ ಕರ್ನೆಲ್. ಅವರು ಏಳದಿದ್ದರೆ ಮನೆಯೇ ಏಳುವುದಿಲ್ಲ. ನಾನು ‘ಹಾಕು’ ಎಂದು ಒತ್ತಿದೆ. ನಡುವೆ ಜಾಗ ಸಾಲದು ಎಂದೋ ಏನೋ ಒಂದು ಎಚ್ಚರಿಕೆ ಬಂತು. ಹತ್ತು ಜನ ಕಾಯುತ್ತಿದ್ದರು, ಓದಲಿಲ್ಲ, ‘ಸರಿ’ ಎಂದು ಒತ್ತಿದೆ. ಕೊನೆಗೆ ಒಮ್ಮೆ ಆರಿಸಿ ಹಚ್ಚಲೇ ಎಂದು ಕೇಳಿತು. ‘ಆಮೇಲೆ’ ಎಂದೆ. ಹಳೆಯ ಕರ್ನೆಲ್ಲೇ ಇನ್ನೂ ಒಳಗೆ ದುಡಿಯುತ್ತಿದ್ದುದರಿಂದ ಯಂತ್ರ ಚೆನ್ನಾಗಿಯೇ ನಡೆಯಿತು. ರಾತ್ರಿಯೂ ಹಚ್ಚಿಯೇ ಇಡುತ್ತಿದ್ದ ಅದನ್ನು ಮರುದಿನ ಪೂಜೆಗೆಂದು ಪೂರ್ತಿ ಆರಿಸಿದೆ. ಆ ‘ಆಮೇಲೆ’ ಬಂದು ನಿಂತದ್ದು ವಿಜಯದಶಮಿಯ ಬೆಳಿಗ್ಗೆ, ಯಮುನತ್ತೆಯ ತೋರುಬೆರಳಿನ ತುದಿಗೆ. ನನಗೆ ಅದರ ನೆನಪೇ ಇರಲಿಲ್ಲ.

ಅವಳು ತುಳಸಿಯಲ್ಲಿ ಅದ್ದಿ ತೀರ್ಥ ಚಿಮುಕಿಸಿದಳು. ನಾಲ್ಕು ಹನಿ ಪೆಟ್ಟಿಗೆಯ ಮೇಲೆ ಬಿತ್ತು. ಕೈಮುಗಿದು ಗುಂಡಿ ಒತ್ತಿದಳು. ‘ಗುಂಯ್’ ಎಂದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಮೇಲೇರಿ ಗಕ್ಕನೆ ನಿಂತವು. ಕೀಬೋರ್ಡಿನ ಮೇಲಿನ ಎರಡು ಹಸಿರು ದೀಪ ಮಾತ್ರ ಪಿಳಿಪಿಳಿ ಎನ್ನತೊಡಗಿದವು. ಆರಿಸಿ ಹಚ್ಚಿದೆ. ಮತ್ತೆ ಅದೇ. ಗುಲಾಬಿಯಕ್ಕ ಬಾಗಿಲಲ್ಲಿ, ಮೂರು ಗಿರಾಕಿಗಳು ಬೆಂಚಿನಲ್ಲಿ, ಎಲ್ಲರ ಕಣ್ಣು ನನ್ನ ಮೇಲೆ. ಲಿನಕ್ಸಿನ ಬಗ್ಗೆ ನಾನು ಕೊಟ್ಟ ಭಾಷಣಗಳನ್ನು ಕೇಳಿದವರೇ ಎಲ್ಲರೂ.

“ಎಂತ ಆಯ್ತ್ ಮಗಾ?” ಅತ್ತೆ ಕೇಳಿದಳು.

“ಎಂತ ಆಪ್ದ್? ನೀರ್ ಹಾಕಿದ್ಯಲ್ಲ ಅದ್ರ್ ಮೇಲೆ! ಒಳಗ್ ಹೋಯಿ ಸುಟ್ಟ್ ಹೋಯ್ತ್. ಎಷ್ಟ್ ಸಲ ಹೇಳೂದ್, ಕರೆಂಟಿನ್ ಸಾಮಾನಿಗ್ ತೀರ್ಥ ಬೇಡ ಅಂದೇಳಿ?”

ಎಷ್ಟು ಸಲವೂ ಹೇಳಿರಲಿಲ್ಲ. ಹತ್ತು ವರ್ಷ ನಾನೇ ತೀರ್ಥದ ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.

ಅತ್ತೆ ಪರದೆಯನ್ನೊಮ್ಮೆ, ತನ್ನ ಬೆರಳನ್ನೊಮ್ಮೆ ನೋಡಿದಳು. “ಕಣ್ಣ್ ಪಿಳಿಪಿಳಿ ಮಾಡ್ತಿತ್ತಲ್ದಾ, ಜೀವ ಇತ್ತ್ ಕಾಣ್” ಎಂದಳು ಮೆಲ್ಲಗೆ. ಪಂಚಕಜ್ಜಾಯದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹಂಚದೆ, ಮೆಟ್ಟಿಲಿಳಿದು ಹೋದಳು. ಆ ಸಲ ಗುಲಾಬಿಯಕ್ಕ ತನ್ನ ಯಂತ್ರದ ಚಕ್ರವನ್ನು ತಾನೇ ತಿರುಗಿಸಿಕೊಂಡಳು.

ಆಮೇಲೆ ನಾನು ಮಾಡಿದ ರಿಪೇರಿಯನ್ನು ನೆನೆದರೆ ನಾಚಿಕೆಯಾಗುತ್ತದೆ. ಪೆಟ್ಟಿಗೆ ಬಿಚ್ಚಿದೆ. ಒಳಗೆ ಒಂದು ಹನಿ ನೀರಿಲ್ಲ, ಧೂಳು ಮಾತ್ರ ಬೇಕಾದಷ್ಟು. ಆದರೂ ಮೆಮೊರಿಯ ಪಟ್ಟಿಯನ್ನು ಕಿತ್ತು ಶಾಲೆಮಕ್ಕಳ ರಬ್ಬರಿನಲ್ಲಿ ಉಜ್ಜಿ ಕೂರಿಸಿದೆ. ವಯರು ಕಿತ್ತು ಚುಚ್ಚಿದೆ. ಕೊನೆಗೆ ಪೆಟ್ಟಿಗೆಯನ್ನು ತಾರಸಿಗೆ ಹೊತ್ತು ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೆ ಇಟ್ಟು, ಕಾಗೆ ಕಾಯುತ್ತಾ ಕೂತೆ. ಎರಡು ಗಂಟೆ ಒಣಗಿಸಿ ತಂದು ಹಚ್ಚಿದರೂ ಅದೇ ಎರಡು ದೀಪ ಪಿಳಿಪಿಳಿ.

ಸದಾಶಿವನಿಗೆ ಫೋನು ಮಾಡಿದೆ.

“ಪರದಿ ಮೇಲೆ ಕಡೀ ಸಾಲ್ ಎಂತ ಇತ್ತ್, ಓದ್.”

“ಕರ್ನೆಲ್ ಪ್ಯಾನಿಕ್ ಅಂದೇಳಿ ಇತ್ತ್. ಮೇಲೆ ಎಂತದೋ ರೂಟ್ ಸಿಕ್ಕುದಿಲ್ಲ ಅಂತ್ತ್.”

“ಪ್ಯಾನಿಕ್ ಆದ್ದ್ ಅದ್ಕಾ, ನಿಂಗಾ? ಹೊಸ ಕರ್ನೆಲ್ ಹಾಕಿದ್ಯಾ?”

“ಮೊನ್ನೆ ಹಾಕ್ದೆ.”

“ಹಾಕಿ ಒಮ್ಮೆ ಆರ್ಸಿ ಹಚ್ಚಿ ಕಂಡಿದ್ಯಾ?”

“ಇಲ್ಲ.”

“ಈಗ ಹಚ್ಚಿದ್ ಕೂಡ್ಲೆ ಎಸ್ಕೇಪ್ ಕೀ ಒತ್ತ್ತಾ ಇರ್. ಒಂದ್ ಪಟ್ಟಿ ಬತ್ತ್. ಮೇಲ್ ಇಪ್ದ್ ಹೊಸತ್, ಅದ್ರ ಅಡಿಗ್ ಹಳತ್ ಇರತ್ತ್. ಹಳತಿನ್ ಮೇಲ್ ಹೋಯಿ ಎಂಟರ್ ಒತ್ತ್” ಎಂದ.

ಒತ್ತಿದೆ. ಪಟ್ಟಿ ಬಂತು. ಕೆಳಬಾಣದ ಕೀಲಿ ಒಂದು ಸಲ, ಎಂಟರ್ ಒಂದು ಸಲ. ಏನೂ ಆಗಿಯೇ ಇಲ್ಲ ಎಂಬಂತೆ ಯಂತ್ರ ಎದ್ದು ಕೂತಿತು. ನನ್ನ ಅರ್ಜಿ, ಪತ್ರ, ಕಡತ ಎಲ್ಲ ಇದ್ದಲ್ಲೇ ಇದ್ದವು. ಕರ್ನೆಲ್ಲಿಗೆಂದು ಬಿಟ್ಟ ಸಣ್ಣ ಜಾಗ ತುಂಬಿಹೋಗಿ ಹೊಸದು ಅರ್ಧಂಬರ್ಧ ಕೂತಿತ್ತಂತೆ. ನಾನು ಓದದೆ ‘ಸರಿ’ ಎಂದ ಎಚ್ಚರಿಕೆ ಅದೇ. ಹೊಸದು ಕೈಕೊಟ್ಟರೆ ಇರಲಿ ಎಂದು ಯಂತ್ರ ತಾನಾಗಿ ಹಳೆಯದನ್ನು ಉಳಿಸಿಕೊಂಡಿತ್ತು. ಯಂತ್ರಕ್ಕಿದ್ದ ಆ ಮುಂದಾಲೋಚನೆ ನನಗಿರಲಿಲ್ಲ.

“ಪೂಜಿಗ್ ನೀರ್ ಹಾಕಿ ಹಾಳಾಯ್ತ್ ಅಂದ್ಕಂಡಿದ್ದೆ” ಎಂದೆ.

“ನಾಲ್ಕ್ ಹನಿ ನೀರಿಗ್ ಎಂತ ಆತ್ತ್ ಮಾರಾಯಾ? ಹಾಳ್ ಮಾಡಿದ್ದ್ ನೀನೇ” ಎಂದು ನಕ್ಕ. ನಾನೂ ನಕ್ಕೆ.

ಫೋನು ಇಡುವ ಹೊತ್ತಿಗೆ ಗುಲಾಬಿಯಕ್ಕ ಬಾಗಿಲಲ್ಲಿ ಇಣುಕಿದಳು. “ಎದ್ದಿತಾ? ನೀರ್ ಒಣಗ್ತಾ?”

ನಾನು “ಹೂಂ” ಎಂದೆ.

ಓದುಗರೇ, ನಾನು ಬದುಕಿನಲ್ಲಿ ಸುಳ್ಳು ಹೇಳದವನೇನಲ್ಲ. ಕಥೆ ರುಚಿಯಾಗಲಿ ಎಂದು ದಿನಕ್ಕೆ ನಾಲ್ಕು ಸೇರಿಸುತ್ತೇನೆ. ಆದರೆ ಇಷ್ಟು ಸಣ್ಣ ಸುಳ್ಳಿಗೆ ಇಷ್ಟು ಉದ್ದದ ಬಾಲವನ್ನು ನಾನು ಕಂಡಿಲ್ಲ. ಸಂಜೆ ಅತ್ತೆಯೇ ಫೋನು ಮಾಡಿದಳು. “ಎದ್ದಿತಾ ಅದ್?” “ಎದ್ದಿತ್ ಅತ್ತೆ.” “ಅಬ್ಬಾ, ಬದ್ಕಿಸ್ದ ದೇವ್ರ್.” ಹೇಗೆ ಎದ್ದಿತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದಿನ ಸಲ ಸಿಕ್ಕಾಗ ನಗುನಗುತ್ತಾ ಹೇಳಿದರಾಯಿತು ಎಂದುಕೊಂಡೆ.

ಗುಲಾಬಿಯಕ್ಕನ ಕೋಣೆಗೆ ರವಿಕೆ ಹೊಲಿಸಲು ಕೋಟೇಶ್ವರದಿಂದಲೂ ಹೆಂಗಸರು ಬರುತ್ತಾರೆ. ಅಳತೆ ತೆಗೆಯುವಾಗ ಬಾಯಿ ಸುಮ್ಮನಿರಬೇಕಲ್ಲ. ಯಮುನಕ್ಕ ಮುಟ್ಟಿ ಕಂಪ್ಯೂಟರ್ ಸತ್ತದ್ದು, ಬಿಸಿಲಿಗೆ ಇಟ್ಟು ಬದುಕಿಸಿದ್ದು ರವಿಕೆಗಳ ಜೊತೆಗೆ ಊರಿಗೆ ಹೋಯಿತು. ಆ ವರ್ಷ ಅತ್ತೆಯನ್ನು ಸೌತೆ ಬೀಜಕ್ಕೆ ಕರೆಯಲು ಬಂದವರು ಕಡಿಮೆ. ಬಾಗಿಲಿಗೆ ಬಂದು ಇಲ್ಲ ಎಂದವರಿಲ್ಲ, ಸುಮ್ಮನೆ ಬರಲಿಲ್ಲ. ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಪಕ್ಕದ ಮನೆಯವರು ಬೇರೊಬ್ಬರನ್ನು ಕರೆದುಕೊಂಡು ಹೋಗುವುದನ್ನು ಅವಳು ಜಗಲಿಯಲ್ಲಿ ಕೂತು ನೋಡಿದಳಂತೆ. ಇದನ್ನು ನನಗೆ ಹೇಳಿದ್ದು ಮಾವ. ಆಗಲೂ ನಾನು, ಛೆ, ಜನ ಹೀಗೆಯೇ, ಎಂದುಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ನನ್ನ ಮಗಳಿಗೆ ಅಕ್ಷರ ಬರೆಸುವುದಿತ್ತು. ವಿಜಯದಶಮಿಯ ಬೆಳಿಗ್ಗೆ ಹರಿವಾಣದಲ್ಲಿ ಅಕ್ಕಿ ಹರಡಿ, ಅತ್ತೆಯ ಮುಂದಿಟ್ಟೆ. ನನ್ನ ಕೈ ಹಿಡಿದು ಮೊದಲ ಅಕ್ಷರ ಬರೆಸಿದವಳೂ ಅವಳೇ.

ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಬೇಡ ಮಗಾ. ಬೇರೆ ಯಾರತ್ರಾರೂ ಬರ್ಸ್. ನನ್ ಕೈ ಈಗ ಸಮ ಇಲ್ಲ.”

“ಎಂತ ಮಾತ್ ಅತ್ತೆ ಇದ್?” ಎಂದಳು ನನ್ನ ಹೆಂಡತಿ.

“ಕಂಪ್ಯೂಟ್ರ್ ಆರೆ ಒಣಗ್ಸಿ ಸಮ ಮಾಡ್ಲಕ್. ಇದ್ ಮಗು ಅಲ್ದಾ?”

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮನೆ ತುಂಬ ನೆಂಟರಿದ್ದರು. ಅದೇ ಕಾರಣಕ್ಕೆ ಹೇಳಬೇಕಿತ್ತು, ಅದೇ ಕಾರಣಕ್ಕೆ ಹೇಳಲಿಲ್ಲ. ಮಗಳ ಕೈಯನ್ನು ನಾನೇ ಹಿಡಿದು ಬರೆಸಿದೆ. ಅತ್ತೆ ಮೂಲೆಯಲ್ಲಿ ಕೂತು, ಪ್ರತಿ ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು.

ಮುಂದೆ ಅವಳ ಮಗಳು ಸರೋಜನಿಗೆ ಬೈಂದೂರಿನಲ್ಲಿ ಶಾಲೆಯ ಕೆಲಸ ಸಿಕ್ಕಿ, ಅತ್ತೆ ಮಾವ ಇಬ್ಬರೂ ಅಲ್ಲಿಗೆ ಹೋದರು. ನನಗೆ ಒಳಗೊಳಗೇ ಹಗುರವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಹೀಗೆಯೇ ಮುಗಿದುಹೋಗುತ್ತಿತ್ತೇನೋ. ಆದರೆ ಕೆಲವು ವರ್ಷದ ಮೇಲೆ ಬ್ರಹ್ಮಾವರದಲ್ಲಿ ಒಂದು ಮದುವೆಯ ಊಟಕ್ಕೆ ಕೂತಾಗ, ಎದುರಿನ ಎಲೆಯಲ್ಲಿ ಕೂತ ಸದಾಶಿವ ನನ್ನ ಹೆಂಡತಿಗೆ ಕೇಳುವ ಹಾಗೆ ಆ ಕಥೆ ತೆಗೆದ: “ನಿಮ್ ಯಜಮಾನ್ರ್ ಕರ್ನೆಲ್ ಹಾಳ್ ಮಾಡ್ಕಂಡ್ ಕಂಪ್ಯೂಟ್ರ್ ಬಿಸ್ಲಿಗ್ ಒಣಗ್ಸಿದ್ದ್ ಗೊತ್ತಿತಾ?” ಸಾಲಿಗೆ ಸಾಲೇ ನಕ್ಕಿತು. ಹೆಂಡತಿ ನಗಲಿಲ್ಲ. ಪಾಯಸ ಬಂದಾಗ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು. “ಅತ್ತೆಗ್ ಹೇಳಿದ್ರಿಯಾ?”

ಆ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮೊದಲು ಗುಲಾಬಿಯಕ್ಕನ ಹತ್ತಿರ ಹೋದೆ. ಸುದ್ದಿ ಹೊರಟ ಜಾಗದಿಂದಲೇ ಅದನ್ನು ಹಿಂದಕ್ಕೆ ಕರೆಯೋಣ ಎಂದು. ಕರ್ನೆಲ್, ಜಾಗ ಸಾಲದ್ದು, ಪಟ್ಟಿಯಲ್ಲಿದ್ದ ಹಳೆಯದು, ಎಲ್ಲವನ್ನೂ ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವಳು ಹಲ್ಲಿನಲ್ಲಿ ನೂಲು ಕಡಿಯುತ್ತಾ ಕೇಳಿದಳು.

“ಅಯ್ಯಬ್ಯಾ! ಅತ್ತಿ ಮೇಲ್ ನಿಮ್ಗ್ ಎಷ್ಟ್ ಪ್ರೀತಿ!” ಎಂದಳು. “ಅವ್ರ್ ಹೆಸ್ರ್ ಉಳ್ಸುಕೆ ನಿಮ್ ತಲಿ ಮೇಲೇ ಹಾಕ್ಕಂತ್ರಿ. ಆರೆ ನೀರ್ ಬಿದ್ದದ್ದ್ ನಾನೇ ಕಂಡಿದೆ ಅಲ್ದಾ? ಬಿಸ್ಲಿಗ್ ಇಟ್ಟ್ ಮೇಲೆ ಎದ್ದದ್ದೂ ಕಂಡಿದೆ.”

“ಅದು ಬಿಸಿಲಿಗೆ ಎದ್ದದ್ದಲ್ಲ ಗುಲಾಬಿಯಕ್ಕ, ಕೆಳಬಾಣ ಒತ್ತಿದ್ದಕ್ಕೆ...”

“ಆಯ್ತ್ ಮಾರಾಯ್ರೇ. ನೀವ್ ಹೇಳ್ದಾಂಗೇ” ಎಂದು ನಕ್ಕು ಹೊಲಿಗೆ ತುಳಿಯತೊಡಗಿದಳು.

ಮರುದಿನವೇ ಬೈಂದೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು, ಹೇಗೆ ಶುರುಮಾಡುವುದು ಎಂದು ಹತ್ತು ಬಗೆಯ ಮೊದಲ ವಾಕ್ಯ ಕಟ್ಟಿದೆ. ಎಲ್ಲದರಲ್ಲೂ ನಾನು ಒಳ್ಳೆಯವನಾಗಿಯೇ ಕಾಣುತ್ತಿದ್ದೆ. ಅತ್ತೆ ಜಗಲಿಯಲ್ಲಿ ಅಬ್ಬಲಿಗೆ ಹೂ ಕಟ್ಟುತ್ತಾ ಕೂತಿದ್ದಳು. “ಬಾ ಮಗಾ, ಕೂಕೊ. ದಾರಿ ತಪ್ಪಿ ಬಂದ್ಯಾ?” ಎಂದಳು. ಕಟ್ಟಿದ ವಾಕ್ಯವೆಲ್ಲ ಬಿದ್ದುಹೋಗಿ, “ಅತ್ತೆ, ಅವತ್ತ್ ಕಂಪ್ಯೂಟ್ರ್ ಹಾಳಾದ್ದ್ ನನ್ನಿಂದ, ನಿನ್ನಿಂದ ಅಲ್ಲ” ಎಂದುಬಿಟ್ಟೆ.

ಅವಳು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಕೇಳಿದಳು: “ನಿಂಗ್ ಯಾವಾಗ್ ಗೊತ್ತಾಯ್ತ್?”

“ಅವತ್ತೇ. ಮಧ್ಯಾಹ್ನ.”

“ನಾನ್ ಸಂಜಿಗ್ ಫೋನ್ ಮಾಡುಕ್ ಮೊದ್ಲಾ?”

“ಹೌದು.”

ನಾರು ಗಂಟು ಹಾಕಿ ಮಾಲೆಯನ್ನು ಪಕ್ಕಕ್ಕಿಟ್ಟಳು. “ಇಷ್ಟ್ ವರ್ಷ ಮಗಾ, ಹಾಲಿಗ್ ಹೆಪ್ಪ್ ಹಾಕುಕೂ ಹೆದ್ರ್ತಿದ್ದೆ ನಾನ್. ಸರೋಜನ್ ಮಗು ಹುಟ್ಟಿದಾಗ್ಳೂ ಎತ್ಕಂಬುಕ್ ಮೊದ್ಲ್ ಕೈ ಕಾಣ್ತಿದ್ದೆ.” ಬೈಗುಳವಿಲ್ಲ, ಕಣ್ಣೀರಿಲ್ಲ. ಹವೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಗುಲಾಬಿಯಕ್ಕನಿಗೂ ಹೇಳಿದೆ. ಅವಳು ನಂಬಲಿಲ್ಲ” ಎಂದೆ.

“ಹ್ಯಾಂಗ್ ನಂಬ್ತ್ಲ್? ನೀನ್ ಮೊದ್ಲ್ ಹೇಳ್ದ್ದನ್ನ್ ನಾನೇ ನಂಬ್ದೆ. ನನ್ ಕೈ ಹ್ಯಾಂಗಿತ್ತ್ ಅಂದೇಳಿ ನಂಗ್ ಗೊತ್ತಿದ್ದೂ ನಂಬ್ದೆ.”

ಒಳಗಿನಿಂದ ಸರೋಜ ಎಲ್ಲ ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಉಗುರುಬೆಚ್ಚಗಿನ ಹಾಲಿನ ಪಾತ್ರೆ, ಚಮಚದಲ್ಲಿ ಒಂದಿಷ್ಟು ಮೊಸರು ಹಿಡಿದು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ನನ್ನ ಕಡೆ ನೋಡಲಿಲ್ಲ. ಪಾತ್ರೆಯನ್ನು ತಾಯಿಯ ಮುಂದಿಟ್ಟು, ಅದರ ಮುಚ್ಚಳವನ್ನು ನನ್ನ ಕೈಗೆ ತುರುಕಿ ಹೇಳಿದಳು: “ಅಮ್ಮ, ಇವತ್ತ್ ನೀನೇ ಹಾಕ್. ಕೇಂಡ್ಯಲ್ದಾ? ನಿನ್ ಕೈಗ್ ಎಂತ ಆಯ್ಲಿಲ್ಲ.”

ಅತ್ತೆ ಚಮಚ ತೆಗೆದುಕೊಂಡಳು. ಹಾಲಿನ ಮೇಲೆ ಹಿಡಿದಳು. ಹಿಡಿದೇ ಇದ್ದಳು. ಎಷ್ಟು ಹಾಕಬೇಕು ಎಂದು ಹಾಲನ್ನು ನೋಡಿದಳು, ಮೊಸರನ್ನು ನೋಡಿದಳು, ಮತ್ತೆ ಹಾಲನ್ನು ನೋಡಿದಳು. ಎಂದೂ ನೋಡಿ ಹಾಕಿದವಳಲ್ಲ ಅವಳು. ಮಾತಾಡುತ್ತಾ ಮಾತಾಡುತ್ತಾ ಹಾಕುತ್ತಿದ್ದವಳು.

“ನೀನೇ ಹಾಕ್ ಹೆಣೆ” ಎಂದು ಚಮಚವನ್ನು ಸರೋಜನ ಕೈಗೆ ವಾಪಸು ಕೊಟ್ಟಳು. “ನಂಗ್ ಈಗ ಅಂದಾಜ್ ತಪ್ಪಿ ಹೋಯ್ತ್.”

ಸರೋಜ ಹೆಪ್ಪು ಹಾಕಿ, ಕಲಕಿ, ನನ್ನ ಕಡೆಗೆ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು.